ಹರೆಯದ ಕ್ಯಾನ್ಸರ್ ಮತ್ತು ಮನಸ್ಸಿನ ಆರೈಕೆ

ಹದಿಹರೆಯದಲ್ಲಿ ಕಾಣಿಸುವ ಕ್ಯಾನ್ಸರುಗಳಲ್ಲಿ ಲುಕೇಮಿಯಾ, ಲಿಂಫೋಮಾ, ಮೂಳೆಯ ಸಾರ್ಕೋಮಾ, ಮಿದುಳಿನ ಗಡ್ಡೆ ಮುಖ್ಯವಾದವು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ. ತೀವ್ರ ಲಿಂಫೋಬ್ಲಾಸ್ಟಿಕ್ ಲುಕೇಮಿಯಾಕ್ಕೆ 2ರಿಂದ 3 ವರ್ಷ ಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳು ಅಷ್ಟರೊಳಗೆ ಬಂದು ಹೋಗುತ್ತವೆ. ತಂದೆತಾಯಿಯ ಕೈಬಿಟ್ಟು ಓಡಾಡಲು ಕಲಿಯುವ ವಯಸ್ಸಿನಲ್ಲಿ ಸ್ನಾನಕ್ಕೂ ಅಮ್ಮನ ನೆರವು ಬೇಕಾಗುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ಕೀಮೋ ಮತ್ತು ರೇಡಿಯೇಷನ್‌ಗೆ ಸಾಮಾನ್ಯವಾಗಿ ಮಂಗಳೂರು, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ, ಕೆಲವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುತ್ತಾರೆ. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿ.ಮೀ.; ಚಾರ್ಮಾಡಿ ಘಾಟಿಯ ಬುಡದ ಊರುಗಳಿಂದ ಇನ್ನೂ ದೂರ. ಬೀಡಿ ಕಟ್ಟುವ, ತೋಟದ ಕೂಲಿಗೆ ಹೋಗುವ ಮನೆಯವರು ಜೊತೆಗೆ ಹೊರಟರೆ ಅಂದಿನ ದುಡಿಮೆ ಇಲ್ಲ. ಚಿಕಿತ್ಸೆಯ ಖರ್ಚನ್ನು ಸರಕಾರಿ ಯೋಜನೆ ಭರಿಸಿದರೂ ಈ ನಷ್ಟ ಉಳಿಯುತ್ತದೆ. ತನ್ನಿಂದಲೇ ಮನೆಗೆ ಈ ಕಷ್ಟ ಎಂಬ ಕೊರಗು ರೋಗಿಯ ಮನಸ್ಸಿನಲ್ಲಿ ಮನೆಮಾಡುವುದು ಇಲ್ಲಿಂದ.

ಖಿನ್ನತೆಯನ್ನು ಗುರುತಿಸುವುದು ಸುಲಭವಲ್ಲ. ಹಸಿವಿಲ್ಲದಿರುವುದು, ನಿದ್ದೆಗೆಡುವುದು, ಸುಸ್ತು ಇವು ಖಿನ್ನತೆಯ ಲಕ್ಷಣಗಳೂ ಹೌದು, ಕೀಮೋದ ಅಡ್ಡಪರಿಣಾಮಗಳೂ ಹೌದು. ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡುಗಳು ತಾವೇ ಸಿಟ್ಟು, ಅಳು ತರಿಸುತ್ತವೆ. ಆದ್ದರಿಂದ ಮನೋವೈದ್ಯರು ದೇಹದ ಲಕ್ಷಣಗಳಿಗಿಂತ ಆಸಕ್ತಿಯನ್ನು ಗಮನಿಸುತ್ತಾರೆ: ಮೊದಲು ಖುಷಿ ಕೊಡುತ್ತಿದ್ದ ಕ್ರಿಕೆಟ್, ಮೊಬೈಲ್, ಗೆಳೆಯರ ಮಾತು ಈಗಲೂ ಬೇಕೆನಿಸುತ್ತದೆಯೇ? ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ‘ಡಿಸ್ಟ್ರೆಸ್ ಥರ್ಮಾಮೀಟರ್’ ಕಾಗದದ ಮೇಲಿನ 0ಯಿಂದ 10ರ ಅಳತೆಪಟ್ಟಿ. ರೋಗಿ ತನ್ನ ಸಂಕಟಕ್ಕೆ ತಾನೇ ಅಂಕ ಕೊಡುತ್ತಾನೆ. ಸಾಮಾನ್ಯವಾಗಿ 4 ಅಥವಾ ಅದಕ್ಕಿಂತ ಹೆಚ್ಚಾದರೆ ವಿಚಾರಣೆ ಮುಂದುವರಿಯುತ್ತದೆ. ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಮನೋವೈದ್ಯಕೀಯಕ್ಕೆ ನೆಲೆ ಹಾಕಿದ ಜಿಮ್ಮಿ ಹಾಲೆಂಡ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಪ್ರಕಟಿಸಿದರು.

ಅನೇಕ ಮನೆಗಳಲ್ಲಿ ರೋಗದ ಹೆಸರನ್ನು ಮಕ್ಕಳಿಂದ ಮುಚ್ಚಿಡುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಕೆಲಸ ಹೆಚ್ಚಾಗಿ ಫಲಿಸುವುದಿಲ್ಲ. ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲಾಂಗ್ನರ್ ಲುಕೇಮಿಯಾ ಪೀಡಿತ ಮಕ್ಕಳ ನಡುವೆ ಕಾಲ ಕಳೆದು 1978ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರೂ ಹೇಳದಿದ್ದರೂ ಚಿಕ್ಕ ಮಕ್ಕಳಿಗೇ ತಮ್ಮ ಸ್ಥಿತಿ ತಿಳಿದಿತ್ತು; ದೊಡ್ಡವರಿಗೆ ನೋವಾಗಬಾರದೆಂದು ಗೊತ್ತಿಲ್ಲದವರಂತೆ ಇದ್ದರು. ಹದಿನಾರರ ಹುಡುಗಿಗೆ ರೋಗ ಯಾವುದೆಂದು ತಿಳಿಯಲು ಫೋನಿನಲ್ಲಿ ಮಾತ್ರೆಯ ಹೆಸರು ಹುಡುಕಿದರೆ ಸಾಕು. ವಯಸ್ಸಿಗೆ ತಕ್ಕಂತೆ, ಕೇಳಿದಷ್ಟಕ್ಕೆ ನಿಜ ಹೇಳುವುದೇ ಈಗಿನ ವೈದ್ಯಕೀಯ ಸಲಹೆ. ಮುಂದೆ ಮಕ್ಕಳಾಗುವ ಸಾಧ್ಯತೆ, ವೀರ್ಯ ಸಂಗ್ರಹದಂಥ ವಿಷಯಗಳನ್ನು ಕೀಮೋ ಆರಂಭಕ್ಕೆ ಮೊದಲೇ, ಸ್ವಲ್ಪ ಹೊತ್ತು ಹೆತ್ತವರನ್ನು ಹೊರಗೆ ಕೂರಿಸಿ ಮಾತಾಡಬೇಕಾಗುತ್ತದೆ.

ಆಪ್ತಸಮಾಲೋಚನೆ ಬರೀ ಧೈರ್ಯ ಹೇಳುವ ಕೆಲಸವಲ್ಲ. ಬೆನ್ನುಹುರಿಯ ಸುತ್ತಲಿನ ದ್ರವ ತೆಗೆಯುವಾಗ ಉಸಿರಾಟದ ಅಭ್ಯಾಸ, ಗಮನ ಬೇರೆಡೆ ಸೆಳೆಯುವ ಕ್ರಮಗಳಿಂದ ನೋವು, ಹೆದರಿಕೆ ಎರಡೂ ತಗ್ಗುತ್ತವೆ. ಆಸ್ಪತ್ರೆಯ ಗೇಟು ಕಂಡೊಡನೆ ವಾಂತಿ ಬರುವವರಿದ್ದಾರೆ. ಹಿಂದಿನ ಕೀಮೋವನ್ನು ಮಿದುಳು ಆ ಜಾಗದೊಂದಿಗೆ ಜೋಡಿಸಿಕೊಂಡ ಪರಿಣಾಮವಿದು. ವರ್ತನಾ ಚಿಕಿತ್ಸೆ ಇದಕ್ಕೆ ಕೆಲಸ ಮಾಡುತ್ತದೆ. ಕೂದಲು ಉದುರುವುದನ್ನು ದೊಡ್ಡವರು ಸಣ್ಣದೆಂದು ತಳ್ಳಿಹಾಕಬಾರದು. ಧರ್ಮಸ್ಥಳದಲ್ಲಿ ಮುಡಿ ಕೊಟ್ಟು ಬಂದವರನ್ನು ದಿನವೂ ಕಾಣುವ ಬೆಳ್ತಂಗಡಿಯಲ್ಲಿ ಬೋಳುತಲೆ ಅಪರೂಪವಲ್ಲ, ನಿಜ. ಆದರೆ ಹುಬ್ಬೂ ಇಲ್ಲದ ಮುಖವನ್ನು ಜನ ತಿರುಗಿ ನೋಡುತ್ತಾರೆ.

ಲುಕೇಮಿಯಾ ಚಿಕಿತ್ಸೆಯ ಕೊನೆಯ, ದೀರ್ಘ ಹಂತ ನಡೆಯುವುದು ಬಹುಪಾಲು ಮನೆಯಲ್ಲೇ. ದಿನಾ 6-ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ ನುಂಗಬೇಕು. ನಿಗದಿತ ಪ್ರಮಾಣದ ಶೇ. 95ಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚು ಎಂದು ಅಮೆರಿಕದ ಅಧ್ಯಯನವೊಂದು 2012ರಲ್ಲಿ ತೋರಿಸಿತು; ಮಾತ್ರೆ ತಪ್ಪಿಸುವುದು ಹದಿಹರೆಯದವರಲ್ಲೇ ಜಾಸ್ತಿ. ಬೇಸತ್ತ ಮನಸ್ಸು ಹೀಗೆ ನೇರವಾಗಿ ಗುಣವಾಗುವುದಕ್ಕೇ ಅಡ್ಡಬರುತ್ತದೆ. ಹಾಗಾಗಿ ಮನಸ್ಸಿನ ಆರೈಕೆ ಆಸ್ಪತ್ರೆಯ ವಾರ್ಡಿನಲ್ಲಿ ಮುಗಿದರೆ ಅರ್ಧವೇ ಆದಂತೆ. ದೂರದ ಹಳ್ಳಿಯವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಉಚಿತವಾಗಿ, ಕನ್ನಡದಲ್ಲಿ ಸಿಗುತ್ತದೆ. ರೋಗಿ ಸಾಯುವ ಮಾತಾಡಿದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಆಡುವವರಿಗೆ ಒಳಗಿನ ಭಯವನ್ನು ಆ ಭಾಷೆಯಲ್ಲೇ ಹೇಳಲು ಬಿಡುವುದು ಲೇಸು.

ಶಾಲೆ, ಕಾಲೇಜಿಗೆ ಮರಳುವಾಗ ಅಧ್ಯಾಪಕರಿಗೆ ಮೊದಲೇ ತಿಳಿಸಿರಬೇಕು. ಕ್ಯಾನ್ಸರ್ ಅಂಟುರೋಗವಲ್ಲವೆಂದು ತರಗತಿಗೆ ಹೇಳುವುದು ಒಂದು. ಮಿದುಳಿಗೆ ರೇಡಿಯೇಷನ್ ಆದವರಲ್ಲಿ ಏಕಾಗ್ರತೆ, ನೆನಪು, ಬರೆಯುವ ವೇಗ ತಗ್ಗಬಹುದು. ಇದನ್ನು ಸೋಮಾರಿತನವೆಂದು ತಿಳಿಯದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯಕ್ಕೆ ವೈದ್ಯರ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕುವುದು ಇನ್ನೊಂದು.