ಕಿಟಕಿಗೆ ಅಡ್ಡ ನಿಂತ ಕಿತ್ತಳೆ ದೋಣಿ

ನಮ್ಮ ಉಪ್ಪ ಮಂಗಳೂರು ಬಂದರ್‌ನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಯಲ್ಲಿ ದುಡಿದವರು. ಉಮ್ಮ ಮಾತ್ರ ಒಮ್ಮೆಯೂ ಮಂಜಿ ಹತ್ತಿದವರಲ್ಲ. ‘ನಡುಕಡಲು ಹೇಗಿರ್ತದೆ ಅಂತ ಒಮ್ಮೆ ನೋಡಬೇಕಿತ್ತು’ ಎಂದು ಉಪ್ಪ ತೀರಿಹೋದ ಮೇಲೆ ಆಗಾಗ ಹೇಳುವುದುಂಟು. ದುಬೈಯಲ್ಲಿರುವ ತಂಗಿಯ ಮನೆಗೆ ಅವರನ್ನು ಕರೆದುಕೊಂಡು ಹೋದಾಗ, ಚಳಿಗಾಲದಲ್ಲಿ ಅಲ್ಲಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ನಾಲ್ಕು ರಾತ್ರಿಗೆ ಟಿಕೆಟ್ ಮಾಡಿಸಿದೆವು.

ಸಮುದ್ರ ಕಾಣುವ ಕೋಣೆ ಬೇಕು ಅಂದೆವು, ಟ್ರಾವೆಲ್ಸ್‌ನವರು ಆಯ್ತು ಅಂದರು. ಹೋಗಿ ಪರದೆ ಸರಿಸಿದರೆ ಎದುರಿಗೆ ಕಿತ್ತಳೆ ಬಣ್ಣದ ದೊಡ್ಡ ಲೈಫ್‌ಬೋಟ್! ಅದರ ಮೇಲೆ ಒಂದು ಗೇಣು ಆಕಾಶ. ಟಿಕೆಟ್‌ನಲ್ಲಿ ಸಣ್ಣ ಅಕ್ಷರದಲ್ಲಿ ‘ಅಬ್‌ಸ್ಟ್ರಕ್ಟೆಡ್ ವ್ಯೂ’ ಅಂತ ಇತ್ತು, ಓದದೇ ಇದ್ದವನು ನಾನೇ. ರಾತ್ರಿ ಒಂದು ಗಂಟೆವರೆಗೂ ಕಾಲಡಿಯಿಂದ ಡ್ರಮ್ ಸದ್ದು, ಕೆಳಗಿನ ಅಂತಸ್ತಿನಲ್ಲಿ ಹಾಡುಕುಣಿತದ ಹಾಲ್. ಉಮ್ಮ ಸುಬುಹಿ ನಮಾಝ್ ಮುಗಿಸಿ ಸ್ವಲ್ಪ ಕಣ್ಣು ಮುಚ್ಚಿದ್ದರಷ್ಟೇ, ಹಡಗು ಬಂದರಿಗೆ ಬಂದು ಗಡಗಡ ನಡುಗಿತು. ‘ಎಂತ ಆಯ್ತು ಮಗಾ?’ ಎಂದು ಎದ್ದು ಕುಳಿತರು.

ಮನೆ ಬಾಡಿಗೆಗೆ ಹಿಡಿಯುವಾಗ ಪಕ್ಕದಲ್ಲಿ ಯಾರಿದ್ದಾರೆ, ಮೇಲೆ ಯಾರಿದ್ದಾರೆ ಎಂದು ಹತ್ತು ಸಲ ವಿಚಾರಿಸುವ ನಾವು ಹಡಗಿನ ಕೋಣೆಗೆ ಅದನ್ನು ಕೇಳುವುದೇ ಇಲ್ಲ. ಹಡಗು ಕಂಪೆನಿಗಳು ಪ್ರತಿ ಅಂತಸ್ತಿನ ನಕ್ಷೆ, ಅಂದರೆ ‘ಡೆಕ್ ಪ್ಲಾನ್’ ಇಟ್ಟಿರುತ್ತವೆ. ದುಡ್ಡು ಕಟ್ಟುವ ಮೊದಲು ನಮ್ಮ ಕೋಣೆಯ ಮೇಲೂ ಕೆಳಗೂ ಏನುಂಟು ಎಂದು ಅದರಲ್ಲಿ ನೋಡಬೇಕು. ಎರಡೂ ಕಡೆ ಕೋಣೆಗಳೇ ಇದ್ದರೆ ನಿದ್ದೆಗೆ ಭಯವಿಲ್ಲ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗ್ಗೆ ಬೇಗನೆ ಕುರ್ಚಿ ಎಳೆಯುವ ಸದ್ದು ಶುರು. ಮುಂಭಾಗದಲ್ಲಿ ಲಂಗರಿನ ಸರಪಳಿಯ ಗದ್ದಲ. ಹಡಗನ್ನು ದಕ್ಕೆಗೆ ಪಕ್ಕಕ್ಕೆ ತಳ್ಳುವ ಯಂತ್ರ ಅಲ್ಲೇ ನೀರಿನಡಿ ಇರುವುದರಿಂದ ನಡುಕವೂ ಅಲ್ಲೇ ಜಾಸ್ತಿ. ಹಿಂಭಾಗದ ಕೆಳ ಅಂತಸ್ತುಗಳಿಗೆ ಎಂಜಿನ್, ಪ್ರೊಪೆಲ್ಲರ್‌ನ ಅದುರು. ಪಕ್ಕದ ಕೋಣೆಗೆ ನಡುವೆ ಬಾಗಿಲು ಇದ್ದರೆ ಅವರ ಮಾತೆಲ್ಲ ನಿಮ್ಮದೇ.

ಉಳಿಯುವುದು ಹಡಗಿನ ಮಧ್ಯ ಮತ್ತು ಕೆಳಗಿನ ಅಂತಸ್ತು. ಅಲ್ಲಿ ತೂಗಾಟವೂ ಕಡಿಮೆ. ಮುಂಬೈಯ ಹಜ್ ಹಡಗು ನಿಂತದ್ದು 1995ರಲ್ಲಿ. ಅದಕ್ಕೂ ಮೊದಲು ಅದರಲ್ಲಿ ಹೋಗಿಬಂದ ನೆರೆಮನೆಯ ಹಾಜಿಯೊಬ್ಬರು ‘ನಡುವೆ ಮಲಗಿದವ ವಾಂತಿ ಮಾಡುವುದು ಕಡಿಮೆ’ ಎನ್ನುತ್ತಿದ್ದರು. ಆಗ ನಕ್ಕಿದ್ದೆ.

ಬಾಲ್ಕನಿ ಬೇಡ ಅಂತಲ್ಲ. ಆದರೆ ಅದಕ್ಕೆ ಸಾಮಾನ್ಯವಾಗಿ ದುಡ್ಡು ಹೆಚ್ಚು. ಕೆಲವು ಭಾರೀ ಹಡಗುಗಳಲ್ಲಂತೂ ಬಾಲ್ಕನಿ ಹಡಗಿನ ಒಳಗಿನ ಅಂಗಳಕ್ಕೆ ತೆರೆಯುತ್ತದೆ, ಕಡಲು ಕಾಣುವುದೇ ಇಲ್ಲ! ಎಡವೋ ಬಲವೋ ಎಂಬುದನ್ನೂ ದಾರಿ ನೋಡಿ ಹೇಳಬೇಕು. ಮುಂಬೈಯಿಂದ ಕೊಚ್ಚಿ ಕಡೆಗೆ ಇಳಿಯುವ ಹಡಗಿನಲ್ಲಿ ಎಡಗಡೆ ದಡ, ಸೂರ್ಯೋದಯ. ಬಲಗಡೆ ತೆರೆದ ಕಡಲು, ಸೂರ್ಯಾಸ್ತ. ವಾಪಸಾಗುವಾಗ ಉಲ್ಟಾ. ಇನ್ನು ‘ಗ್ಯಾರಂಟಿ’ ಎಂದು ಕಡಿಮೆ ದರಕ್ಕೆ ಕೊಡುವುದರಲ್ಲಿ ಯಾವ ನಮೂನೆಯ ಕೋಣೆ ಅನ್ನುವುದಕ್ಕೆ ಮಾತ್ರ ಗ್ಯಾರಂಟಿ, ಜಾಗ ಅವರು ಕೊಟ್ಟದ್ದು. ಒಬ್ಬನೇ ಹೋಗುವ ಹುಡುಗನಿಗೆ ಸಾಕು. ಮಂಡಿನೋವಿನ ಉಮ್ಮನ ಜೊತೆಗೆ ಹೋಗುವವರಿಗೆ ಆಗದು. ಲಿಫ್ಟ್‌ಗೆ ಅಂಟಿಕೊಂಡೂ ಇರಬಾರದು, ದೂರವೂ ಆಗಬಾರದು.

ಎರಡು ವರ್ಷ ಬಿಟ್ಟು ಮತ್ತೊಮ್ಮೆ ಹೋದೆವು. ಈ ಸಲ ನಕ್ಷೆ ಮುಂದಿಟ್ಟುಕೊಂಡು ಕೋಣೆ ನಂಬರ್ ಹೇಳಿಯೇ ಬುಕ್ ಮಾಡಿದೆ: ಕೆಳ ಅಂತಸ್ತು, ಹಡಗಿನ ನಡುವೆ, ದುಂಡು ಕಿಟಕಿ. ಬಾಲ್ಕನಿಗಿಂತ ಅಗ್ಗ. ರಾತ್ರಿ ಎಚ್ಚರವಾದಾಗ ಉಮ್ಮ ದೀಪ ಆರಿಸಿ ಕಿಟಕಿಯ ಪಕ್ಕ ಕುಳಿತಿದ್ದರು. ಹೊರಗೆ ದೂರದಲ್ಲಿ ಮಂಜಿಯಂಥದ್ದೊಂದು ಹಡಗಿನ ಒಂಟಿ ದೀಪ.

‘ಅದರಲ್ಲಿ ಎಷ್ಟು ಜನ ಇರಬಹುದು?’ ಎಂದು ಕೇಳಿದರು.