‘ಟ್ವೈಲೈಟ್’ ನನಗಿಷ್ಟ, ಹಾಗಂತ ಪ್ರಶ್ನೆ ಕೇಳೋದನ್ನ ಬಿಡಲ್ಲ

ಕಳೆದ ಭಾನುವಾರ ಹದಿನಾರು ವರ್ಷದ ಅಕ್ಕನ ಮಗಳ ಜೊತೆ ಕೂತು ‘ಟ್ವೈಲೈಟ್’ ನೋಡಿದೆ. ನನಗದು ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಗುಡುಗಿನ ಮಧ್ಯೆ ವ್ಯಾಂಪೈರ್ ಕುಟುಂಬ ಬೇಸ್‌ಬಾಲ್ ಆಡುವ ದೃಶ್ಯ ಬಂದಾಗ ಇಬ್ಬರೂ ನೆಟ್ಟಗೆ ಕೂತೆವು. ಸಿನಿಮಾ ಮುಗಿದ ಮೇಲೆ ಅವಳು ಕೇಳಿದಳು: “ಚಿಕ್ಕಿ, ಚೆನ್ನಾಗೇ ಇದೆಯಲ್ಲ. ಮತ್ಯಾಕೆ ಎಲ್ಲರೂ ಆಡ್ಕೊಳ್ತಾರೆ?”

ಆಡಿಕೊಂಡವರಲ್ಲಿ ನಾನೂ ಒಬ್ಬಳು. ಡಿಗ್ರಿ ಓದುವಾಗ ರಾತ್ರಿ ಹಾಸ್ಟೆಲ್‌ನಲ್ಲಿ ಹೊದಿಕೆಯೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇದನ್ನೇ ನೋಡುತ್ತಿದ್ದೆ. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಯಾರಾದರೂ “ಬಿಸಿಲಿಗೆ ಹೊಳೆಯೋ ವ್ಯಾಂಪೈರಂತೆ!” ಅಂದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಹಾಗಾಗಿ ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನಾನೇ.

ನೋಡದವರಿಗೆ ಚುಟುಕಾಗಿ ಕತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸದಾ ಮಳೆ ಸುರಿಯುವ ಫೋರ್ಕ್ಸ್ ಅನ್ನೋ ಸಣ್ಣ ಊರಿದೆ. ಬೆಲ್ಲಾ ಅಪ್ಪನ ಜೊತೆ ಇರಲು ಅಲ್ಲಿಗೆ ಬರುತ್ತಾಳೆ. ಕ್ಲಾಸಿನಲ್ಲಿ ಪಕ್ಕ ಕೂರುವ ಎಡ್ವರ್ಡ್ 1918ರಿಂದ ಹದಿನೇಳಕ್ಕೇ ನಿಂತುಹೋದ ವ್ಯಾಂಪೈರ್. ಅವಳ ರಕ್ತದ ವಾಸನೆಗೆ ಅವನಿಗೆ ತಡೆಯಲಾಗದ ಹಸಿವು, ಆದರೂ ತಡೆದುಕೊಳ್ಳುತ್ತಾನೆ. ಸ್ಟೆಫನಿ ಮೇಯರ್ ಅವರ ಕಾದಂಬರಿ ಬಂದದ್ದು 2005ರಲ್ಲಿ, ಸಿನಿಮಾ 2008ರಲ್ಲಿ.

ಇದು ಯಾಕೆ ಹಿಡಿಸುತ್ತೆ? ಕ್ಯಾಮೆರಾ ಇರುವುದು ಹುಡುಗಿಯ ಕಣ್ಣಲ್ಲಿ. ನಾವು ನೋಡಿ ಬೆಳೆದ ಸಿನಿಮಾಗಳಲ್ಲಿ ಹೀರೊ ನೋಡುತ್ತಾನೆ, ಹೀರೊಯಿನ್ ನೋಡಿಸಿಕೊಳ್ಳುತ್ತಾಳೆ. ಇಲ್ಲಿ ಕ್ಯಾಂಟೀನಿನ ಬಾಗಿಲಿಂದ ಹುಡುಗ ನಡೆದು ಬರುತ್ತಾನೆ, ಬೆಲ್ಲಾ ಕಣ್ತುಂಬ ನೋಡುತ್ತಾಳೆ. ಆಸೆ ಅವಳದು, ಅದಕ್ಕೆ ನಾಚಿಕೆಯೂ ಇಲ್ಲ. ಅವನಿಗೋ ತನ್ನ ಬಲದ ಬಗ್ಗೆ ತನಗೇ ಭಯ. ಗಂಡಸಿನ ಬಲಕ್ಕೆ ಹೆದರೋದನ್ನ ಚಿಕ್ಕಂದಿನಿಂದಲೇ ಕಲಿಯುವ ಹುಡುಗಿಯರಿಗೆ, ಆ ಬಲವನ್ನು ಅವನೇ ಹಿಡಿದಿಟ್ಟುಕೊಳ್ಳುವ ಕನಸು ಸಣ್ಣದಲ್ಲ.

ನಿರ್ದೇಶಕಿ ಕ್ಯಾಥರಿನ್ ಹಾರ್ಡ್‌ವಿಕ್ ಸುಮಾರು 3.7 ಕೋಟಿ ಡಾಲರಿನಲ್ಲಿ ಮಾಡಿದ ಈ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 40 ಕೋಟಿ ಡಾಲರಿಗೂ ಹೆಚ್ಚು. ಮೊದಲ ವಾರಾಂತ್ಯದ ಗಳಿಕೆಯಲ್ಲಿ ಅದು ಮಹಿಳಾ ನಿರ್ದೇಶಕಿಯ ಚಿತ್ರವೊಂದಕ್ಕೆ ಅಲ್ಲಿಯವರೆಗಿನ ದಾಖಲೆ. ಆದರೆ ಸರಣಿಯ ಉಳಿದ ನಾಲ್ಕು ಚಿತ್ರಗಳನ್ನೂ ನಿರ್ದೇಶಿಸಿದವರು ಗಂಡಸರು.

ಈಗ ಆಡಿಕೊಂಡವರ ವಿಷಯ. ಸೂಪರ್‌ಹೀರೊ ಹಾರಿದರೆ ಅದು ಕಲ್ಪನೆ, ವ್ಯಾಂಪೈರ್ ಹೊಳೆದರೆ ಅದು ಮೂರ್ಖತನ. ಕ್ರಿಕೆಟ್ ನೋಡಿ ಕಿರುಚುವವನು ಅಭಿಮಾನಿ, ಎಡ್ವರ್ಡ್‌ನ ನೋಡಿ ಕಿರುಚುವವಳು ಹುಚ್ಚಿ. ಹದಿಹರೆಯದ ಹುಡುಗಿಯರು ಮೆಚ್ಚಿದ್ದು ಅಂದಮೇಲೆ ಅದು ಕಳಪೆಯೇ ಇರಬೇಕು ಅನ್ನೋ ತೀರ್ಮಾನ ಮೊದಲೇ ಆಗಿತ್ತು. ಹುಡುಗರ ಗುಂಪಲ್ಲಿ ‘ಸೀರಿಯಸ್’ ಅನ್ನಿಸಿಕೊಳ್ಳೋಕೆ ನಾನು ಆ ತೀರ್ಮಾನಕ್ಕೆ ಸಹಿ ಹಾಕಿದ್ದೆ.

ಈ ನಗುವಿನಿಂದ ಇನ್ನೂ ದೊಡ್ಡ ನಷ್ಟವಾಯಿತು. ಕೇಳಬೇಕಾಗಿದ್ದ ಪ್ರಶ್ನೆಗಳು ಅದರಲ್ಲಿ ಮುಳುಗಿಹೋದವು.

ಒಂದನೆಯದು, ಎಡ್ವರ್ಡ್ ಹೇಳದೆ ಕೇಳದೆ ಬೆಲ್ಲಾಳ ಕೋಣೆಗೆ ಬಂದು ಅವಳು ಮಲಗಿರೋದನ್ನ ನೋಡುತ್ತಾ ನಿಲ್ಲುತ್ತಾನೆ. ಸಿನಿಮಾ ಇದನ್ನ ಪ್ರೀತಿ ಅನ್ನುತ್ತೆ. ಬೀದಿಯಲ್ಲಿ ಯಾರಾದರೂ ಹೀಗೆ ಮಾಡಿದರೆ ನಾವು ದೂರು ಕೊಡ್ತೀವಿ. ನಾಯಕಿಯ ಬೆನ್ನುಬಿದ್ದು ಒಪ್ಪಿಸುವ ಕನ್ನಡದ ಹೀರೊಗಳಿಗೆ ಶಿಳ್ಳೆ ಹೊಡೆದವರೇ ಎಡ್ವರ್ಡ್‌ನ ನೋಡಿ ನಕ್ಕರು. ಅವರು ನಕ್ಕಿದ್ದು ಅವನ ಮೈ ಹೊಳಪಿಗೆ. ಅವನು ಕೋಣೆಗೆ ನುಗ್ಗಿದ್ದು ಅವರಿಗೆ ತಪ್ಪು ಅನ್ನಿಸಲೇ ಇಲ್ಲ.

ಎರಡನೆಯದು ಇನ್ನೂ ಗಂಭೀರ. ಬೆಲ್ಲಾಳ ಗೆಳೆಯ ಜೇಕಬ್ ಕ್ವಿಲ್ಯೂಟ್ ಸಮುದಾಯದವನು. ಇದು ಕಟ್ಟುಕತೆಯ ಹೆಸರಲ್ಲ. ಫೋರ್ಕ್ಸ್ ಪಕ್ಕದ ಕಡಲತೀರ ಲಾ ಪುಶ್‌ನಲ್ಲಿ ಬದುಕುತ್ತಿರುವ ಮೂಲನಿವಾಸಿಗಳು ಅವರು. ತಮ್ಮ ಮೂಲ ತೋಳ ಅನ್ನೋ ಪುರಾಣ ಅವರಲ್ಲಿದೆ. ಕಾದಂಬರಿ ಅದನ್ನು ಎತ್ತಿಕೊಂಡು ಅವರನ್ನು ತೋಳಮನುಷ್ಯರನ್ನಾಗಿ ಮಾಡಿತು. ಸಮುದಾಯದ ಹೆಸರು, ಕತೆ ಎರಡೂ ಸರಕಾದವು. ಲಾಭ ಬೇರೆಯವರ ಪಾಲಾಯಿತು. ಅದೇ ಹೊತ್ತಿಗೆ ಆ ಜನ ಸುನಾಮಿ ಭಯದಲ್ಲಿದ್ದ ತಮ್ಮ ಶಾಲೆಯನ್ನು ಎತ್ತರದ ಜಾಗಕ್ಕೆ ಸಾಗಿಸಲು ಒದ್ದಾಡುತ್ತಿದ್ದರು. ಅದಕ್ಕೆ ಬೇಕಾದ ಜಾಗವನ್ನು ಪಕ್ಕದ ರಾಷ್ಟ್ರೀಯ ಉದ್ಯಾನದಿಂದ ಬಿಟ್ಟುಕೊಡುವ ಕಾಯ್ದೆ ಬಂದದ್ದು 2012ರಲ್ಲಿ, ಸರಣಿಯ ಕೊನೆಯ ಚಿತ್ರ ತೆರೆಕಂಡ ವರ್ಷ. ಸಿಯಾಟಲ್‌ನ ಬರ್ಕ್ ಮ್ಯೂಸಿಯಂ ಕ್ವಿಲ್ಯೂಟ್ ಜನರ ಜೊತೆ ಸೇರಿ, ಟ್ವೈಲೈಟ್ ಹೇಳಿದ್ದೇನು, ನಿಜ ಏನು ಅಂತ ವಿವರಿಸಬೇಕಾಯಿತು.

ಅಲ್ಲಿಗೆ, ಇಷ್ಟಪಡೋದು ಬೇರೆ, ಶರಣಾಗೋದು ಬೇರೆ. ರಾಜಕೀಯ ಪ್ರಜ್ಞೆ ಇದ್ದವರು ‘ಸರಿಯಾದ’ ಸಿನಿಮಾಗಳನ್ನಷ್ಟೇ ಪ್ರೀತಿಸಬೇಕು ಅಂದರೆ ನಾವು ಸುಳ್ಳು ಹೇಳೋದನ್ನ ಕಲಿತೀವಿ, ನಾನು ಕ್ಯಾಂಟೀನಿನಲ್ಲಿ ಕಲಿತ ಹಾಗೆ. ನಿಜ ಹೇಳಬೇಕೆಂದರೆ, ಹತ್ತಾರು ಸಲ ನೋಡಿದ್ದಕ್ಕೇ ಆ ಕೋಣೆಯ ದೃಶ್ಯ ನನಗೆ ಚುಚ್ಚತೊಡಗಿದ್ದು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಅವಳು ಅನುಮಾನದಿಂದ ಕೇಳಿದಳು: “ಹಾಗಾದ್ರೆ ಎರಡನೇ ಪಾರ್ಟ್ ನೋಡಲ್ವಾ?”

“ನೋಡೋಣ ಕಣೇ. ಜೇಕಬ್ ಬಂದಾಗ ಸ್ವಲ್ಪ ನಿಲ್ಸು. ಲಾ ಪುಶ್ ಎಲ್ಲಿದೆ ಅಂತ ಮ್ಯಾಪಲ್ಲಿ ಹುಡುಕೋಣ,” ಅಂದೆ.