ಮುದತಿ ಮೀರಿದ ದಂತಲೇಪಗಳು

ಹಲ್ಲುಗಳನ್ನು ಬೆಳ್ಳಗೆ ಮಾಡುವ ಲೇಪದ ಮುದತಿ ಮುಗಿದ ಮೇಲೆಯೂ ಅದನ್ನು ಉಪಯೋಗಿಸಬಹುದೋ ಎಂದು, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಈಗ ತಾಯಂದಿರಾದವರು ಕೇಳುವದುಂಟು. ಬೆಲೆ ಕೊಟ್ಟು ತಂದ ವಸ್ತುವನ್ನು ಚೆಲ್ಲಲು ಮನಸ್ಸು ಒಪ್ಪದಿರುವದು ಸಹಜವೇ. ಆದಕಾರಣ ಈ ಸಂಗತಿಯನ್ನು ತುಸು ವಿವರಿಸುವೆನು.

ಇಂಥ ಲೇಪಗಳಲ್ಲಿ ಕೆಲವು ನುಣ್ಣನೆಯ ಪುಡಿಯಿಂದ ಹಲ್ಲಿನ ಮೇಲಣ ಕೊಳೆಯನ್ನು ಉಜ್ಜಿ ತೆಗೆಯುವಂಥವು. ನಮ್ಮ ಹಿರಿಯರ ಇದ್ದಲು, ಉಪ್ಪುಗಳು ಈ ಜಾತಿಯವೇ. ಹಳೆಯದಾದರೂ ಪುಡಿಯು ಉಜ್ಜುವ ಗುಣವನ್ನು ಬಿಡದು.

ಬಣ್ಣವನ್ನೇ ಅಳಿಸುವ ಲೇಪಗಳ ಮಾತು ಬೇರೆ. ಅವುಗಳ ಜೀವಾಳವು ಜಲಜನಕದ ಪೆರಾಕ್ಸೈಡ್. ಫ್ರಾನ್ಸ್ ದೇಶದ ಥೆನಾರ್ ಎಂಬ ರಸಾಯನಶಾಸ್ತ್ರಜ್ಞನು 1818ರಲ್ಲಿ ಇದನ್ನು ಕಂಡುಹಿಡಿದನು. ಇದು ಒಡೆಯುವಾಗ ಹೊರಬೀಳುವ ಚುರುಕಾದ ಆಮ್ಲಜನಕವು ಬಣ್ಣದ ಕಣಗಳನ್ನು ತುಂಡರಿಸುವದು. ಮನೆಯಲ್ಲಿ ಹಚ್ಚಿಕೊಳ್ಳುವ ಲೇಪಗಳಲ್ಲಿ ಅನೇಕವೇಳೆ ಕಾರ್ಬಮೈಡ್ ಪೆರಾಕ್ಸೈಡ್ ಇರುವದು. ಅದು ನೂರಕ್ಕೆ 10 ಭಾಗವಿದ್ದಲ್ಲಿ ಜಲಜನಕದ ಪೆರಾಕ್ಸೈಡ್ ಸುಮಾರು 3.5 ಭಾಗ ದೊರೆಯುವದು. ಆದರೆ ಈ ಗುಣವೇ ಅದರ ದೌರ್ಬಲ್ಯವೂ ಅಹುದು. ಹಲ್ಲಿನ ಮೇಲೆ ಒಡೆಯತಕ್ಕ ದ್ರವ್ಯವು ಕೊಳವೆಯಲ್ಲಿಯೇ ದಿನದಿನಕ್ಕೆ ಒಡೆದು ನೀರೂ ಆಮ್ಲಜನಕವೂ ಆಗುವದು. ಸೆಕೆ, ಬೆಳಕುಗಳು ಇದನ್ನು ತ್ವರೆಗೊಳಿಸುವವು. ಬಾಗಲಕೋಟೆಯ ಬೇಸಿಗೆಯಲ್ಲಿ, 40 ಡಿಗ್ರಿಯ ಬಿಸಿಲಿಗೆ ಕಾದ ತಗಡಿನ ಅಂಗಡಿಯೊಳಗೆ ಬಿದ್ದಿದ್ದ ಲೇಪವು ಮುದತಿಗಿಂತ ಮೊದಲೇ ನಿಸ್ಸತ್ವವಾದರೆ ಆಶ್ಚರ್ಯವೇನು? ಹೇಳಿದಂತೆ ತಂಪಿನಲ್ಲಿಟ್ಟರೆ ಮಾತ್ರ ಡಬ್ಬಿಯ ಮೇಲಣ ತಾರೀಖಿಗೆ ಅರ್ಥವುಂಟು.

ಆ ತಾರೀಖು ಕಳೆದ ಮರುದಿನವೇ ಲೇಪವು ವಿಷವಾಗದು. ಫಲವು ಕುಗ್ಗುವದು, ಎಷ್ಟು ಕುಗ್ಗಿತೆಂದು ಮನೆಯಲ್ಲಿ ಅಳೆಯಲು ಬಾರದು. ಬಿಳುಪು ಕಾಣದೆ ಹುಡುಗಿಯರು ಮತ್ತಷ್ಟು ಹೊತ್ತು ಹಚ್ಚಿಕೊಂಡು ಒಸಡುಗಳನ್ನು ಉರಿಸಿಕೊಳ್ಳುವದೇ ನನಗೆ ಹೆಚ್ಚಿನ ಭಯ. ನೀರು ಬಿಟ್ಟ, ಗಟ್ಟಿಯಾದ, ಬಣ್ಣಗೆಟ್ಟ ಲೇಪವನ್ನಂತೂ ಚೆಲ್ಲಿಬಿಡತಕ್ಕದ್ದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವದು. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಇಂಥ ನೀರು ಕುಡಿದ ಮಕ್ಕಳ ಹಲ್ಲುಗಳಲ್ಲಿ ಬಿಳಿ ಮಚ್ಚೆಗಳು ಮೂಡಿ, ಮುಂದೆ ಕಂದು ಬಣ್ಣಕ್ಕೆ ತಿರುಗುವದುಂಟು. ಇಳಕಲ್ಲ ಸೀರೆಯ ಬಣ್ಣವು ನೇಯುವ ಮೊದಲೇ ನೂಲಿಗೆ ಹತ್ತಿರುವಂತೆ, ಈ ದೋಷವು ಹಲ್ಲು ಮೂಡುವ ಮೊದಲೇ ಅದರ ಹೊರಕವಚದಲ್ಲಿ ಸೇರಿರುವದು. ಹೊಚ್ಚಹೊಸ ಲೇಪವೂ ಅದನ್ನು ಪೂರ್ತಿ ತೆಗೆಯಲಾರದು. ಕೆಲವೊಮ್ಮೆ ಬಿಳಿ ಮಚ್ಚೆಗಳು ಇನ್ನಷ್ಟು ಎದ್ದು ಕಾಣುವವು. ಅಂಥ ಹುಡುಗಿಯನ್ನು ಹಲ್ಲುಜ್ಜದವಳೆಂದು ಹೀಗಳೆಯುವದು ಶುದ್ಧ ಅನ್ಯಾಯ. ವರನ ಕಡೆಯವರು ನೋಡಬರುವರೆಂದು ಗಾಬರಿಗೊಂಡು, ಅಗ್ಗಕ್ಕೆ ಸಿಕ್ಕ ಹಳೆಯ ಲೇಪವನ್ನು ತರುವದಕ್ಕಿಂತ ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯದಂಥಲ್ಲಿ ದಂತವೈದ್ಯರಿಗೆ ತೋರಿಸುವದು ಲೇಸು.

ಅವಳ ತಂಗಿ-ತಮ್ಮಂದಿರು ಇನ್ನೂ ಚಿಕ್ಕವರಿದ್ದರೆ ಅವರು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸತಕ್ಕದ್ದು. ಕುದಿಸಿ ಆರಿಸಿದ ಮಾತ್ರಕ್ಕೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಹೆಚ್ಚೇ ಆಗುವದು.